ಪುಟ್ಟಿ, ಚೀಲ ಕಟ್ಟುವ ಮೊದಲು ಇದನ್ನು ಕೇಳು

ಪುಟ್ಟಿ, ನಿನ್ನ ಮೆಸೇಜ್ ಈಗ ತಾನೇ ನೋಡಿದೆ. "ದೊಡ್ಡಮ್ಮ, ಸಂಜೆ ಮೊಬೈಲಿಗೆ ಎಚ್ಚರಿಕೆ ಬಂತು, ಹೊಳೆ ಏರುತ್ತಿದೆಯಂತೆ, ಹೇಳಿದ ತಕ್ಷಣ ಮನೆ ಬಿಡೋಕೆ ರೆಡಿ ಇರಿ ಅಂದಿದ್ದಾರೆ. ಚೀಲ ತುಂಬುತ್ತಿದ್ದೇನೆ. ನಾಲ್ಕು ಜನಕ್ಕೆ ಎಷ್ಟು ನೀರು ಇಟ್ಟುಕೊಳ್ಳಲಿ? ಕೈಕಾಲೇ ಆಡುತ್ತಿಲ್ಲ" ಅಂತ ಬರೆದಿದ್ದೀಯ. ಓದಿ ನನಗೂ ಎದೆ ಧಸಕ್ ಅಂತು. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡ. ಕೈ ಅದರ ಪಾಡಿಗೆ ಚೀಲ ತುಂಬುತ್ತಿರಲಿ, ಕಿವಿ ಇಲ್ಲಿ ಇರಲಿ. ಗ್ರೂಪಿನಲ್ಲಿರುವ ಉಳಿದವರೂ ಕೇಳಿ.

ನಮ್ಮ ಮನೆಗೆ ನೀರು ನುಗ್ಗಿದ ವರ್ಷ ನಾವು ಇದ್ದ ಮನೆ ನಿಮಗೆಲ್ಲ ಗೊತ್ತೇ ಇದೆ. ಇಳಿಜಾರಿನ ಕೊನೇ ಮನೆ, ರಸ್ತೆಯಿಂದ ಮೂರು ಮೆಟ್ಟಿಲು ಕೆಳಗೆ. ರಜೆಗೆ ಬಂದಾಗ ನೀವೆಲ್ಲ ಆ ಮೆಟ್ಟಿಲ ಮೇಲೇ ಕೂತು ಆಡುತ್ತಿದ್ದಿರಿ. ನಿಮ್ಮ ದೊಡ್ಡಪ್ಪನ ಕನ್ನಡಕವೂ ಗೊತ್ತು, ಬಾಟಲಿ ತಳದ ಹಾಗೆ ದಪ್ಪ ಗಾಜು, ಮೈನಸ್ ಎಂಟು. ಅದಿಲ್ಲದಿದ್ದರೆ ಎದುರಿಗೆ ನಿಂತಿರುವುದು ನಾನೋ ನೀನೋ ಅಂತ ಅವರಿಗೆ ಗೊತ್ತಾಗುವುದಿಲ್ಲ.

ಆ ವರ್ಷ ನಾವೇನೂ ಚೀಲ ಕಟ್ಟದೆ ಕೂತಿರಲಿಲ್ಲ. ಕಟ್ಟಿದ್ದೆವು. ನಾನೇ ಕೂತು ಕಟ್ಟಿದ್ದೆ. ಕಾಗದಪತ್ರ, ಟಾರ್ಚು, ಬಿಸ್ಕೆಟ್, ಎರಡು ಜೊತೆ ಬಟ್ಟೆ, ಎಲ್ಲ ಇತ್ತು. ಬಾಗಿಲ ಪಕ್ಕದ ಕುರ್ಚಿ ಮೇಲೆ ಇಟ್ಟಿದ್ದೆ. ರಾತ್ರಿ ಒಂದು ಗಂಟೆ ದಾಟಿತ್ತು. ಏನೋ ಸದ್ದಿಗೆ ಎಚ್ಚರ ಆಯಿತು. ಮಂಚದಿಂದ ಕಾಲು ಕೆಳಗಿಟ್ಟೆ, ತಣ್ಣಗೆ ನೀರು. ಹಾಲ್‌ನಲ್ಲಿ ಚಪ್ಪಲಿಗಳೆಲ್ಲ ತೇಲಿಕೊಂಡು ಬಂದು ಬಾಗಿಲಿಗೆ ಬಡಿಯುತ್ತಿದ್ದವು, ಟಪ್ ಟಪ್ ಅಂತ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಗ ಚೀಲ ಹೆಗಲಿಗೆ ಹಾಕಿಕೊಂಡ. ಸೊಸೆ ಮಗುವನ್ನು ಎತ್ತಿಕೊಂಡಳು. ನಾನು ನಿಮ್ಮ ದೊಡ್ಡಪ್ಪನ ಕೈ ಹಿಡಿದುಕೊಂಡೆ. ಐದೇ ನಿಮಿಷ, ಮೇಲಿನ ರಸ್ತೆಗೆ ಬಂದುಬಿಟ್ಟೆವು. ಎಲ್ಲರೂ ಬಂದಾಗಿತ್ತು ಪುಟ್ಟಿ. ಎಲ್ಲರೂ. ಅಷ್ಟರಲ್ಲಿ ಅವರು ಮುಖ ಮುಟ್ಟಿ ನೋಡಿಕೊಂಡರು. "ಕನ್ನಡಕ" ಅಂದರು. ಮಲಗುವಾಗ ತೆಗೆದು ಟಿವಿ ಪಕ್ಕ ಇಟ್ಟಿದ್ದರು. ಬೇಡ ಅಂದೆ. "ಎರಡೇ ನಿಮಿಷ" ಅಂತ ನನ್ನ ಕೈ ಬಿಡಿಸಿಕೊಂಡು ಹೊರಟೇ ಬಿಟ್ಟರು. ಆ ಮೆಟ್ಟಿಲನ್ನು ಇಷ್ಟು ವರ್ಷ ಹತ್ತಿಳಿದಿದ್ದೇನೆ, ಅದಕ್ಕೆ ಕಣ್ಣು ಯಾಕೆ ಅನ್ನೋ ಧೈರ್ಯ.

ನಾವು ಹತ್ತಿ ಬರುವಾಗ ಮೆಟ್ಟಿಲ ಹತ್ತಿರ ಪಾದ ಮುಳುಗುವಷ್ಟಿದ್ದ ನೀರು, ಅವರು ವಾಪಸ್ ಬರುವಷ್ಟರಲ್ಲಿ ಮೊಣಕಾಲಿಗೆ ಬಂದಿತ್ತು. ಎರಡನೇ ಮೆಟ್ಟಿಲಲ್ಲಿ ಕಾಲು ಜಾರಿತು. ಗೇಟಿಗೂ ಗೋಡೆಗೂ ನಡುವೆ ಕಾಲು ಸಿಕ್ಕಿಕೊಂಡಿತು. ನೀರಿನಲ್ಲಿ ಎಲ್ಲಿಂದಲೋ ಬಂದ ಒಡೆದ ಗಾಜು ಕೂಡ ಇತ್ತು, ಹಿಮ್ಮಡಿಯಿಂದ ಮೇಲಕ್ಕೆ ಸೀಳಿ ಹೋಯಿತು. ಕೂಗಿದ್ದು ಕೇಳಿ ಮಗ ಚೀಲ ಬಿಸಾಕಿ ಓಡಿದ. ಅವನ ಹಿಂದೆ ಪಕ್ಕದ ಮನೆಯ ಇಬ್ಬರು ಹುಡುಗರು ಹಗ್ಗ ತಗೊಂಡು ಇಳಿದರು. ಒಂದು ಕನ್ನಡಕಕ್ಕೆ ನಾಲ್ಕು ಜೀವ ನೀರಿಗೆ ಇಳಿದವು. ನಾನು ಮೇಲೆ ನಿಂತು ನೋಡುತ್ತಿದ್ದೆ.

ಕನ್ನಡಕ ತಂದರು, ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದರು. ತಂದೆನಲ್ಲ ಅಂತ ಈಗಲೂ ವಾದ ಮಾಡುತ್ತಾರೆ. ಆದರೆ ಆ ಕೊಳಕು ನೀರು ತಾಗಿದ ಗಾಯ ಕೀವಾಯಿತು, ಎರಡು ಸಲ ಆಪರೇಷನ್ ಆಯಿತು, 19 ದಿನ ಹಾಸಿಗೆಯಲ್ಲಿದ್ದರು. ಇವತ್ತಿಗೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ, ನೀವೇ ನೋಡಿದ್ದೀರಿ.

ಅದಕ್ಕೆ ಹೇಳುತ್ತಿದ್ದೇನೆ. ಬಾಗಿಲು ದಾಟಿದ ಮೇಲೆ ಏನೇ ಮರೆತಿರಲಿ, ತಿರುಗಿ ಒಳಗೆ ಹೋಗಬೇಡಿ. ಹರಿಯುವ ನೀರು ಪಾದಕ್ಕಿಂತ ಸ್ವಲ್ಪ ಮೇಲೆ, 15 ಸೆಂಟಿಮೀಟರ್ ಇದ್ದರೆ ಸಾಕು, ದೊಡ್ಡವರನ್ನೂ ಬೀಳಿಸುತ್ತದೆ. 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರು ತೇಲುತ್ತದೆ. 60 ಆದರೆ ದೊಡ್ಡ ಗಾಡಿಗಳೂ ನಿಲ್ಲುವುದಿಲ್ಲ. ನೋಡಲು ಏನೂ ಅನಿಸುವುದಿಲ್ಲ, ಇಷ್ಟೇನಾ ಅನಿಸುತ್ತದೆ. ಮಕ್ಕಳಾಟದ ನೀರಿನ ಹಾಗೆ ಕಾಣುತ್ತದೆ.

ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು ಆ 19 ದಿನವೂ ನಾನು ಇದನ್ನೇ ಯೋಚಿಸಿದೆ. ಚೀಲ ರೆಡಿ ಇದ್ದರೂ ಹೀಗೆ ಯಾಕಾಯಿತು? ಆಮೇಲೆ ಹೊಳೆಯಿತು. ದಿನಾ ಬಳಸುವ ವಸ್ತು ಯಾವತ್ತೂ ಚೀಲಕ್ಕೆ ಸೇರುವುದಿಲ್ಲ. ಕನ್ನಡಕ ಮುಖದ ಮೇಲಿರುತ್ತದೆ, ಅದನ್ನು ಯಾರು ಚೀಲಕ್ಕೆ ಹಾಕುತ್ತಾರೆ? ಬಿಪಿ ಮಾತ್ರೆ ಊಟದ ಮೇಜಿನ ಮೇಲಿರುತ್ತದೆ. ಚಾರ್ಜರ್ ಗೋಡೆಯಲ್ಲಿರುತ್ತದೆ. ಹಲ್ಲಿನ ಸೆಟ್ ಲೋಟದಲ್ಲಿರುತ್ತದೆ. ಕಿವಿಗೆ ಹಾಕುವ ಮೆಷಿನ್ ದಿಂಬಿನ ಹತ್ತಿರ. ಚೀಲದಲ್ಲಿ ಇರುವುದೆಲ್ಲ ಒಂದು ದಿನ ಇಲ್ಲದಿದ್ದರೂ ನಡೆಯುವಂಥದ್ದು, ಹೊರಗೆ ಉಳಿಯುವುದು ಒಂದು ಗಂಟೆ ಇಲ್ಲದಿದ್ದರೂ ನಡೆಯದಂಥದ್ದು. ಜನ ತಿರುಗಿ ಹೋಗುವುದು ಅದಕ್ಕೇ.

ಈಗ ನಾನು ಏನು ಮಾಡಿದ್ದೇನೆ ಗೊತ್ತಾ? ಕನ್ನಡಕ ಹೊಸದು ಮಾಡಿಸಿದಾಗ ಹಳೇದನ್ನು ಎಸೆಯುವುದಿಲ್ಲ. ನಂಬರ್ ಸ್ವಲ್ಪ ಆಚೀಚೆ ಇದ್ದರೂ ದಾರಿ ಕಾಣುತ್ತದೆ, ಅದು ಚೀಲಕ್ಕೆ. ಮಾತ್ರೆ ಒಂದು ವಾರದ್ದು ಜಾಸ್ತಿ ತರಿಸುತ್ತೇನೆ. ಹೊಸ ಸ್ಟ್ರಿಪ್ ಚೀಲದೊಳಗೆ, ಚೀಲದಲ್ಲಿದ್ದದ್ದು ಮೇಜಿಗೆ. ಹೀಗೆ ತಿರುಗಿಸುತ್ತಾ ಇದ್ದರೆ ಡೇಟ್ ಮುಗಿಯುವುದಿಲ್ಲ. ಚಾರ್ಜರ್ ಕೂಡ ಇನ್ನೊಂದು ಇದೆ. ಪವರ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ, ಸುಮ್ನೆ ಇಟ್ಟರೂ ಅದು ಖಾಲಿಯಾಗುತ್ತಾ ಹೋಗುತ್ತದೆ.

ನಿಮ್ಮತ್ತೆಗೆ ಇನ್ಸುಲಿನ್ ಇದೆ ಅಲ್ವಾ, ಅದೇ ನನಗೆ ಜಾಸ್ತಿ ಚಿಂತೆ. ಅದು ಫ್ರಿಜ್‌ನಲ್ಲಿರುತ್ತದೆ, ಆತುರದಲ್ಲಿ ಯಾರಿಗೂ ನೆನಪಾಗಲ್ಲ. ಒಂದು ಚೀಟಿಯಲ್ಲಿ ದೊಡ್ಡದಾಗಿ "ಇನ್ಸುಲಿನ್" ಅಂತ ಬರೆದು ಮುಂಬಾಗಿಲ ಒಳಬದಿಗೆ ಈಗಲೇ ಅಂಟಿಸು. ಐಸ್ ಜೊತೆ ಒಯ್ದರೆ ಔಷಧಿಗೆ ಐಸ್ ನೇರ ತಾಗಬಾರದು, ನಡುವೆ ಬಟ್ಟೆ ಸುತ್ತು. ಒಂದು ಸಲ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ, ಕರಗಿದ ಮೇಲೂ ಅಷ್ಟೇ. ಐಸ್ ಸಿಗಲಿಲ್ಲ ಅಂತ ಗಾಬರಿಯಾಗಬೇಡ. ಬಳಸುತ್ತಿರುವ ಬಾಟಲಿ 30 ಡಿಗ್ರಿ ಒಳಗಿನ ತಂಪು ಜಾಗದಲ್ಲಿದ್ದರೆ ಹೆಚ್ಚಿನವು ನಾಲ್ಕು ವಾರದ ತನಕ ತಡೆಯುತ್ತವೆ, ಅವರ ಬಾಟಲಿ ಜೊತೆಗಿನ ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿರುತ್ತದೆ ನೋಡು. ಸೂಜಿ, ಶುಗರ್ ನೋಡುವ ಮೆಷಿನ್, ಅದರ ಸ್ಟ್ರಿಪ್ ಒಟ್ಟಿಗೇ ಇರಲಿ. ಶುಗರ್ ಇಳಿದರೆ ತಕ್ಷಣ ಬಾಯಿಗೆ ಹಾಕಲು ಸಕ್ಕರೆ ಅಥವಾ ಗ್ಲೂಕೋಸ್ ಅವರ ಜೇಬಿನಲ್ಲೇ ಇರಲಿ, ಚೀಲದ ತಳದಲ್ಲಿ ಬೇಡ.

ಟಾರ್ಚಿನ ವಿಷಯ ಹೇಳಿಬಿಡುತ್ತೇನೆ. ಸೆಲ್ ಅದರೊಳಗೆ ಹಾಕಿ ಇಡಬೇಡ, ತಿಂಗಳುಗಟ್ಟಲೆ ಇದ್ದರೆ ಸೋರಿ ಒಳಗಿನ ಸ್ಪ್ರಿಂಗ್ ತಿಂದುಹಾಕುತ್ತದೆ. ಪಕ್ಕದಲ್ಲಿ ಬೇರೆ ಕವರಿನಲ್ಲಿ ಇಡು. ಇವತ್ತು ರಾತ್ರಿ ಮಾತ್ರ ಹಾಕಿಯೇ ಇಡು. ನಮ್ಮನೆ ಚೀಲದ ಟಾರ್ಚಂತೂ ಚೀಲದಲ್ಲಿ ಇದ್ದದ್ದೇ ಕಡಿಮೆ. ಕರೆಂಟ್ ಹೋದರೆ ತೆಗೆಯುತ್ತಾರೆ, ವಾಪಸ್ ಇಡುವುದಿಲ್ಲ. ಕತ್ತರಿ ಯಾರಿಗೋ ಬೇಕಾಗುತ್ತದೆ, ಹೋಯಿತು. ಬಿಸ್ಕೆಟ್ ಮಕ್ಕಳು ತಿಂದರು, ಹೋಯಿತು. ನಾನು ಕೇಳಿದರೆ "ಅಮ್ಮಂಗೆ ಚೀಲದ ಹುಚ್ಚು" ಅಂತಾರೆ. ಹುಚ್ಚು ಅಲ್ಲ ಅದು, ಆ ರಾತ್ರಿ ನಾನು ರಸ್ತೆಯಲ್ಲಿ ನಿಂತಿದ್ದೆ, ಅವರು ನಿಂತಿರಲಿಲ್ಲ.

ಹೇಳಬಾರದು ಅಂತಿದ್ದೆ, ಆದರೆ ಮಾತು ಬಂತು, ಹೇಳಿಬಿಡುತ್ತೇನೆ. ಆ ನೀರಿನಲ್ಲಿ ನಮ್ಮತ್ತೆಯವರ ಫೋಟೋ ಆಲ್ಬಮ್ ಹೋಯಿತು. ಕೆಳಗಿನ ಶೆಲ್ಫಿನಲ್ಲಿತ್ತು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಹಾಳೆ ಹಾಳೆ ಅಂಟಿಕೊಂಡು ಮುದ್ದೆಯಾಗಿತ್ತು. ಒಂದೊಂದೇ ಬಿಡಿಸಲು ಹೋದೆ, ಮುಖಗಳೆಲ್ಲ ಕಿತ್ತು ನನ್ನ ಬೆರಳಿಗೆ ಬಂದವು. ನನಗೆ ಸಂಕಟ ಆಗಲಿಲ್ಲವಾ? ಆದರೆ ಮನೆಯವರ ಕಡೆಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ಚೀಲ ಕಟ್ಟಿ ಇಟ್ಟಿದ್ದಳಂತೆ, ಅಮ್ಮನ ಫೋಟೋ ಒಂದು ಹಾಕೋಕೆ ಆಗಲಿಲ್ಲವಂತೆ." ಅವರ ಕಾಲು ಹೇಗಿದೆ ಅಂತ ಕೇಳಿಲ್ಲ, ಮಗು ಹೇಗಿದೆ ಅಂತ ಕೇಳಿಲ್ಲ. ಆಮೇಲೆ ಪ್ರತಿ ಫಂಕ್ಷನ್‌ನಲ್ಲೂ ಅದೇ ಮಾತು ಬಂತು. ನಾನು ಒಂದು ಸಲವೂ ತಿರುಗಿ ಹೇಳಲಿಲ್ಲ. ಈ ಗ್ರೂಪಿನಲ್ಲಿ ಅವರೂ ಇದ್ದಾರೆ, ಕೇಳಲಿ. ನನಗೆ ಬೇಜಾರಾಗಿತ್ತು, ಈಗಲೂ ಆಗುತ್ತದೆ. ಯಾರ ಮನೆಯಲ್ಲಿ ಹಳೇ ಫೋಟೋ ಉಳಿದಿವೆಯೋ, ದಯವಿಟ್ಟು ಮೊಬೈಲಿನಲ್ಲಿ ತೆಗೆದು ನಾಲ್ಕು ಜನಕ್ಕೆ ಕಳಿಸಿಡಿ. ಆಗ ಯಾರ ಶೆಲ್ಫೂ ಯಾರ ತಪ್ಪೂ ಆಗುವುದಿಲ್ಲ. ಕಾಗದಪತ್ರಕ್ಕೂ ಅದೇ ಮಾಡಿ, ಅಸಲಿ ಒಂದು ಜಿಪ್ ಕವರಿನಲ್ಲಿ, ಫೋಟೋ ಫೋನಿನಲ್ಲಿ.

ಅಯ್ಯೋ, ಪುಟ್ಟಿ ಕೇಳಿದ್ದು ನೀರು. ನಾನು ಎಲ್ಲೆಲ್ಲೋ ಹೋದೆ.

ನೀರು ಕೇಳು. ಕುಡಿಯಲು, ಕೈಬಾಯಿ ತೊಳೆಯಲು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್, ಮೂರು ದಿನಕ್ಕೆ ಅಂತ ಲೆಕ್ಕ. ನಾಲ್ಕು ಜನಕ್ಕೆ 48 ಲೀಟರ್. ಒಂದು ಲೀಟರ್ ಅಂದರೆ ಒಂದು ಕೆಜಿ, 48 ಕೆಜಿ ಯಾರು ಹೊರುತ್ತಾರೆ? ಅಷ್ಟೂ ಚೀಲಕ್ಕೆ ತುಂಬಲು ಹೋಗಬೇಡ. ಗಾಡಿ ಇದ್ದರೆ ಕ್ಯಾನ್‌ಗಳನ್ನು ಈಗಲೇ ಅದರಲ್ಲಿಟ್ಟು, ಗಾಡಿಯನ್ನು ಎತ್ತರದ ಜಾಗಕ್ಕೆ ಸೇರಿಸಿ ನಿಲ್ಲಿಸಲಿ. ಕೈಯಲ್ಲಿ ಹಿಡಿಯುವ ಚೀಲದಲ್ಲಿ ದೊಡ್ಡವರಿಗೆ ತಲಾ ಎರಡು ಲೀಟರ್ ಸಾಕು, ಸಣ್ಣ ಸಣ್ಣ ಬಾಟಲಿಯಲ್ಲಿ. ಉಳಿದದ್ದಕ್ಕೆ ಕ್ಲೋರಿನ್ ಮಾತ್ರೆ ಇಟ್ಟುಕೋ. ಒಂದಕ್ಕೆ ಎಷ್ಟು ಲೀಟರ್ ಅಂತ ಸ್ಟ್ರಿಪ್ ಮೇಲೆ ಇರುತ್ತದೆ, ನೀರು ಕಲಕಿದ್ದರೆ ಮೊದಲು ಬಟ್ಟೆಯಲ್ಲಿ ಸೋಸು, ಹಾಕಿ ಅರ್ಧ ಗಂಟೆ ಬಿಡು. ಒಲೆ ಸಿಕ್ಕರೆ ಕುದಿಸೋದೇ ಒಳ್ಳೇದು, ಕೊತಕೊತ ಅಂತ ಒಂದು ನಿಮಿಷ ಕುದ್ದರೆ ಸಾಕು. ಹೊಟ್ಟೆ ಕೆಟ್ಟರೆ ಓಆರ್‌ಎಸ್. ಅದೂ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಜಾಸ್ತಿ ಆಗಬಾರದು, ಅದು ಮಗುವಿಗೆ ಅಪಾಯ.

ಮಗುವಿಗೆ ನೀನೇ ಹಾಲು ಕೊಡುತ್ತಿದ್ದರೆ ನಿಲ್ಲಿಸಬೇಡ, ಅದಕ್ಕಿಂತ ಶುದ್ಧವಾದದ್ದು ಆ ಹೊತ್ತಿನಲ್ಲಿ ಬೇರೆ ಸಿಗುವುದಿಲ್ಲ. ನೀನು ಮಾತ್ರ ಚೆನ್ನಾಗಿ ನೀರು ಕುಡಿ. ಡಬ್ಬಿ ಹಾಲಾದರೆ ಬಾಟಲಿ ಬಿಟ್ಟು ಸಣ್ಣ ಲೋಟ, ಚಮಚ ಇಟ್ಟುಕೋ. ಬಾಟಲಿಯ ನಿಪ್ಪಲ್ ತೊಳೆಯಲು ಅಲ್ಲಿ ಆಗುವುದಿಲ್ಲ, ಲೋಟ ತೊಳೆಯುವುದು ಸುಲಭ. ಮಗುವಿನ ಬಟ್ಟೆಯ ಒಳಗೆ ನಿನ್ನ ಹೆಸರು, ಎರಡು ಫೋನ್ ನಂಬರ್ ಬರೆದು ಪಿನ್ ಮಾಡು.

ಉಳಿದದ್ದು ಬೇಗ ಹೇಳುತ್ತೇನೆ. ಬೇಯಿಸದೆ ತಿನ್ನುವಂಥದ್ದು, ಸಣ್ಣ ನೋಟು, ಒಂದು ವಿಷಲ್. ಸಿಕ್ಕಿಹಾಕಿಕೊಂಡರೆ ಮೂರು ಸಲ ಊದು, ಕೂಗಿ ಗಂಟಲು ಕಳೆದುಕೊಳ್ಳಬೇಡ. ಕಾಲಿಗೆ ಶೂ, ಇವತ್ತು ರಾತ್ರಿ ಎಲ್ಲರ ಶೂ ಮಂಚದ ಮೇಲೇ ಇರಲಿ. ಹೊರಡುವಾಗ ಗ್ಯಾಸ್ ಮತ್ತು ಮೇನ್ ಸ್ವಿಚ್ ಆಫ್, ಆದರೆ ಕಾಲಡಿ ಒದ್ದೆ ಇದ್ದರೆ ಸ್ವಿಚ್ ಮುಟ್ಟಲೇಬೇಡ. ಕಾಲ್ ಹೋಗದಿದ್ದರೆ ಎಸ್‌ಎಂಎಸ್ ಹಾಕು, ನೆಟ್‌ವರ್ಕ್ ತುಂಬಿಹೋಗಿದ್ದಾಗಲೂ ಅದು ಹೇಗೋ ನುಸುಳಿ ಹೋಗುತ್ತದೆ. ನನಗೊಬ್ಬಳಿಗೆ ಹಾಕಿದರೆ ಸಾಕು, ಉಳಿದವರಿಗೆ ನಾನು ಹೇಳುತ್ತೇನೆ. ಯಾರೂ ಅವಳಿಗೆ ಕಾಲ್ ಮಾಡಿ ಮಾಡಿ ಬ್ಯಾಟರಿ ಖಾಲಿ ಮಾಡಿಸಬೇಡಿ.

ನಿನ್ನ ಗಂಡನಿಗೂ ಕೇಳಿಸು ಇದನ್ನು, ಅವನೂ ಕನ್ನಡಕದವನೇ. ಬಾಗಿಲು ದಾಟಿದ ಮೇಲೆ ಏನೇ ಮರೆತಿರಲಿ, ತಿರುಗಿ ಒಳಗೆ ಹೋಗಬೇಡಿ. ಇನ್ಸುಲಿನ್ ಮರೆತರೂ ಹೋಗಬೇಡಿ, ಶಿಬಿರಕ್ಕೆ ಹೋದ ತಕ್ಷಣ ಅಲ್ಲಿನವರಿಗೆ ಹೇಳಿ, ಡಾಕ್ಟರನ್ನು ಹುಡುಕಿಸಿ.

ಈಗ ಚೀಲ ಕಟ್ಟಿದ ಮೇಲೆ ಹೆಗಲಿಗೆ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು, ಒಂದು ಸಲ ಮೆಟ್ಟಿಲು ಇಳಿದು ಹತ್ತಿ ನೋಡು. ಉಸಿರು ಕಟ್ಟಿದರೆ ಅರ್ಧ ಸಾಮಾನು ತೆಗೆ. ತೆಗೆದ ಮೇಲೆ ನನಗೊಂದು ಮೆಸೇಜ್ ಹಾಕು. ನಾನು ಮಲಗುವುದಿಲ್ಲ, ಫೋನ್ ಕೈಯಲ್ಲೇ ಇದೆ.