ಸುಣ್ಣದ ಗಾಡಿಯಲ್ಲಿ ಟ್ರ್ಯಾಕ್ ಗೆರೆ: ನೇರದಲ್ಲಿ ಕಡಿಯುತ್ತೆ, ತಿರುವಿನಲ್ಲಿ ದಪ್ಪ ಆಗುತ್ತೆ

ಕೆಮ್ಮಣ್ಣು_ಮೈದಾನ ಕೇಳಿದ್ದು:

ಪ್ರೌಢಶಾಲೆಯ ಮೈದಾನ, 100 ಮೀ. ಉದ್ದ, 60 ಮೀ. ಅಗಲ, ಪೂರ್ತಿ ಕೆಂಪು ಮಣ್ಣು. ಕ್ರೀಡಾಕೂಟಕ್ಕೆ 200 ಮೀ. ಟ್ರ್ಯಾಕ್, 6 ಲೇನ್ ಹಾಕಬೇಕು. ಗಾಡಿ ನಾಲ್ಕು ಚಕ್ರದ್ದು. ಮೇಲೆ ತಗಡಿನ ಡಬ್ಬಿ, ತಳದಲ್ಲಿ 5 ಸೆಂ.ಮೀ. ಸೀಳು, ಅದರ ಮೇಲೆ ಹಿಂದಿನ ಆಕ್ಸಲ್ ಜೊತೆ ತಿರುಗುವ ಬ್ರಷ್. ತುಂಬುವುದು ಪೇಂಟ್ ಅಂಗಡಿಯ ಸುಣ್ಣದ ಪುಡಿ.

ತೊಂದರೆಗಳು ಇವು. ಹೊರಟ ಜಾಗದಲ್ಲಿ ಒಂದು ಗುಪ್ಪೆ ಬೀಳುತ್ತೆ. ಆಮೇಲೆ ಎರಡು ಮೂರು ಮೀಟರಿಗೊಮ್ಮೆ ಗೆರೆ ಕಡಿಯುತ್ತೆ. ತಿರುವಿನಲ್ಲಿ ಗೆರೆ 7-8 ಸೆಂ.ಮೀ. ಅಗಲವಾಗಿ ಅಂಚು ಕಲಸಿಹೋಗುತ್ತೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದ ಗಾಳಿಗೆ ಅರ್ಧ ಮಾಯ. ಪುಡಿ ಎಷ್ಟು ಕೆಜಿ ತರಿಸಬೇಕು ಅನ್ನೋದೂ ಬೇಕಿತ್ತು. ಪಕ್ಕದಲ್ಲೇ ಕಾಂಕ್ರೀಟಿನ ವಾಲಿಬಾಲ್ ಅಂಕಣ ಇದೆ. ಇದೇ ಗಾಡಿಗೆ ಬಣ್ಣ ಹಾಕಿ ಅಲ್ಲೂ ಎಳೆಯಬಹುದಾ?

---

ಜರಡಿ ಉತ್ತರ:

ಮೊದಲು ಪುಡಿ ನೋಡಿ. ಕಡಿಯುವ ಗೆರೆಗೆ ಹತ್ತರಲ್ಲಿ ಎಂಟು ಸಲ ಅದೇ ಕಾರಣ. ತೀರಾ ನುಣುಪಾದ ಸುಣ್ಣ ಗಾಳಿಯ ತೇವ ಹಿಡಿದ ಕೂಡಲೇ ಡಬ್ಬಿಯೊಳಗೆ ಸೀಳಿನ ಮೇಲೆ ಕಮಾನಿನ ಹಾಗೆ ಕಟ್ಟಿಕೊಳ್ಳುತ್ತೆ. ಕೆಳಗಿನ ಪುಡಿಯನ್ನು ಬ್ರಷ್ ತಳ್ಳಿ ಮುಗಿಸುತ್ತೆ, ಮೇಲಿನದು ಇಳಿಯಲ್ಲ. ಗಾಡಿ ಯಾವುದೋ ಉಬ್ಬಿಗೆ ಕುಲುಕಿದಾಗ ಕಮಾನು ಕುಸಿದು ಮತ್ತೆ ಗೆರೆ ಶುರು.

ಇದನ್ನು ಖಚಿತ ಮಾಡಿಕೊಳ್ಳೋದು ಸುಲಭ. ಗೆರೆ ನಿಂತ ಕ್ಷಣ ಗಾಡಿ ನಿಲ್ಲಿಸಿ ಡಬ್ಬಿಯ ಪಕ್ಕಕ್ಕೆ ಅಂಗೈಯಿಂದ ಒಂದು ಏಟು ಕೊಡಿ. ಒಳಗೆ ದೊಪ್ಪನೆ ಬಿದ್ದ ಸದ್ದು ಬಂದರೆ ಪುಡಿಯದೇ ತಪ್ಪು. ಸದ್ದಿಲ್ಲದಿದ್ದರೆ ಗಾಡಿ ಬಗ್ಗಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಚಕ್ರ ತಿರುಗಿಯೂ ಬ್ರಷ್ ನಿಂತಿದ್ದರೆ ಚಕ್ರವನ್ನು ಆಕ್ಸಲ್‌ಗೆ ಹಿಡಿಸಿರುವ ಪಿನ್ನು ಮುರಿದಿದೆ ಅಥವಾ ಸಡಿಲವಾಗಿದೆ. ಎಷ್ಟೋ ಗಾಡಿಗಳಲ್ಲಿ ಒಂದೇ ಚಕ್ರ ಬ್ರಷ್ ತಿರುಗಿಸುತ್ತೆ, ಇನ್ನೊಂದು ಸುಮ್ಮನೆ ಉರುಳುತ್ತೆ. ಆ ಒಂದು ಚಕ್ರ ಸಡಿಲ ಮಣ್ಣಿನಲ್ಲಿ ಜಾರಿದರೂ ಗೆರೆ ಕಡಿಯುತ್ತೆ. ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರೆ ಹಿಡಿತ ಸಿಗುತ್ತೆ.

ಕಡಿತ ಸರಿಸಮ ದೂರದಲ್ಲಿ ಬರುತ್ತಿದೆಯಾ ಅಂತಲೂ ಅಳೆಯಿರಿ. 20 ಸೆಂ.ಮೀ. ವ್ಯಾಸದ ಚಕ್ರ ಒಂದು ಸುತ್ತಿಗೆ 63 ಸೆಂ.ಮೀ. ಹೋಗುತ್ತೆ. ಪ್ರತಿ 63ಕ್ಕೂ ಒಂದು ತೆಳು ಜಾಗ ಕಂಡರೆ ಬ್ರಷ್ಷಿನ ಒಂದು ಕಡೆ ಕೂದಲು ಸವೆದಿದೆ ಅಂತ ಅರ್ಥ.

ಪುಡಿಗೆ ಮಾಡಬೇಕಾದದ್ದು: ಹಿಂದಿನ ದಿನ ಟಾರ್ಪಾಲಿನ ಮೇಲೆ ಬಿಸಿಲಿಗೆ ತೆಳ್ಳಗೆ ಹರಡಿ, ಸಂಜೆ ಹಿಟ್ಟಿನ ಜರಡಿಯಲ್ಲಿ ಸೋಸಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಡಿ. ಇಬ್ಬನಿ ಬೀಳುವ ಹೊತ್ತಿಗೆ ಹೊರಗಿರಬಾರದು. ಡಬ್ಬಿಗೆ ಮುಕ್ಕಾಲು ಮಾತ್ರ ತುಂಬಿ. ಕಂಠಪೂರ್ತಿ ತುಂಬಿದರೆ ತನ್ನ ಭಾರಕ್ಕೆ ತಾನೇ ಗಟ್ಟಿಯಾಗುತ್ತೆ.

ಹೊರಡುವಾಗಿನ ಗುಪ್ಪೆಗೆ ಕಾರಣ, ಗಾಡಿ ನಿಂತಿರುವಾಗಲೇ ಸೀಳು ಮುಚ್ಚುವ ಬಾಗಿಲು ತೆರೆಯೋದು. ಗೆರೆಯ ಮೊದಲಿಗಿಂತ ಅರ್ಧ ಮೀಟರ್ ಹಿಂದಿನಿಂದ ಬಾಗಿಲು ಮುಚ್ಚಿಕೊಂಡೇ ತಳ್ಳಿ, ಚಲನೆಯಲ್ಲೇ ಲಿವರ್ ಎಳೆಯಿರಿ. ನಿಲ್ಲಿಸುವಾಗ ಮೊದಲು ಬಾಗಿಲು, ಆಮೇಲೆ ಗಾಡಿ.

---

ಗೂಟದಾರ ಉತ್ತರ:

ಪುಡಿ ವಿಚಾರ ಮೇಲೆ ಬಂದಿದೆ. ಅಂಗಡಿಯಲ್ಲಿ ಸಿಗೋ ಅರಳಿದ ಸುಣ್ಣಾನೇ ಮಣ್ಣಿಗೆ ಚೆನ್ನಾಗಿ ಕಚ್ಚುತ್ತೆ, ಅದನ್ನು ಬಿಡಬೇಡಿ. ಹಿಂದಿನ ಸಂಜೆ ಮೈದಾನಕ್ಕೆ ನೀರು ಚಿಮುಕಿಸಿ ರೋಲರ್ ಹೊಡೆಸಿ. ಬೆಳಿಗ್ಗೆ ಮಣ್ಣು ಇನ್ನೂ ತಣ್ಣಗಿರುವಾಗ ಎಳೆದರೆ ಸಂಜೆವರೆಗೂ ಅಲ್ಲಾಡಲ್ಲ. ಧೂಳಿನ ಮೇಲೆ ಎಳೆದದ್ದು ಧೂಳಿನ ಜೊತೆಗೇ ಹೋಗುತ್ತೆ.

---

ಬಿಳಿಪುಡಿ ಉತ್ತರ:

ನೀರಿನ ಮಾತು ಪೂರ್ತಿ ಸರಿ. ಅರಳಿದ ಸುಣ್ಣದ ಮಾತು ಒಪ್ಪಲಾಗದು. ಮಕ್ಕಳು ಬಿದ್ದು ಏಳುವ ಜಾಗ ಅದು. ಅರಳಿದ ಸುಣ್ಣ ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ನೀರಿನಲ್ಲಿ ಅದರ ಪಿಎಚ್ ಸುಮಾರು 12.4. ಬೆವರಿದ ಚರ್ಮಕ್ಕೆ, ತರಚಿದ ಮಂಡಿಗೆ ಉರಿ ಹತ್ತಿಸುತ್ತೆ. ಕಣ್ಣಿಗೆ ಹೋದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರವನ್ನೇ ಸುಡಬಲ್ಲದು. ಸುಟ್ಟ ಸುಣ್ಣವಂತೂ, ಅಂದರೆ ನೀರು ಕಾಣದ ಸುಣ್ಣ, ಮೈದಾನದ ಹತ್ತಿರವೂ ಬರಬಾರದು. ಜಪಾನಿನ ಶಾಲೆಗಳಲ್ಲಿ ಇದೇ ಕಣ್ಣಿನ ಅಪಾಯದ ಕಾರಣಕ್ಕೆ 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಅರಳಿದ ಸುಣ್ಣ ಬಿಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಬಳಸುವಂತೆ ಸೂಚಿಸಿತು.

ನಮ್ಮಲ್ಲಿ ಕಾರ್ಬೊನೇಟ್ ಸಿಗದ ಊರಿಲ್ಲ. ಚಾಕ್ ಪೌಡರ್, ಅಮೃತಶಿಲೆಯ ಪುಡಿ, ಡಾಲಮೈಟ್ ಪುಡಿ, ಮೂರರಲ್ಲಿ ಯಾವುದಾದರೂ ಆದೀತು. ಬಿಳಿ ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ. ಕಾಳು ಸ್ವಲ್ಪ ದಪ್ಪ ಇರುವುದರಿಂದ ಡಬ್ಬಿಯಲ್ಲಿ ಕಮಾನು ಕಟ್ಟದೆ ಸರಾಗ ಇಳಿಯುತ್ತೆ, ಗಾಳಿಗೂ ಬೇಗ ಹಾರಲ್ಲ. ಅದೊಂದನ್ನೇ ಹಾಕಿದರೆ ಗೆರೆಯ ಬಿಳುಪು ಕಡಿಮೆ. ಮೂರು ಪಾಲು ಚಾಕ್ ಪೌಡರಿಗೆ ಒಂದು ಪಾಲು ರಂಗೋಲಿ ಪುಡಿ ಬೆರೆಸಿದರೆ ಬಿಳುಪೂ ಉಳಿಯುತ್ತೆ, ಹರಿವೂ ಬರುತ್ತೆ.

ಚೀಲದಲ್ಲಿ ಏನಿದೆ ಎಂಬ ಅನುಮಾನವಿದ್ದರೆ ಅಡುಗೆಮನೆಯ ಪರೀಕ್ಷೆ ಸಾಕು. ಅರಿಶಿನ ಕಲಸಿದ ನೀರಿಗೆ ಒಂದು ಚಿಟಿಕೆ ಹಾಕಿ. ಆರತಿ ತಟ್ಟೆಯ ನೀರಿನ ಹಾಗೆ ಕಡುಗೆಂಪಾದರೆ ಅದು ಅರಳಿದ ಸುಣ್ಣ, ಹಿಂದಿರುಗಿಸಿ. ಇನ್ನೊಂದು ಚಿಟಿಕೆಗೆ ನಿಂಬೆರಸ ಹಿಂಡಿ. ನೊರೆ ಬಂದರೆ ಕಾರ್ಬೊನೇಟ್. ಡಾಲಮೈಟ್ ಆದರೆ ನೊರೆ ನಿಧಾನವಾಗಿ, ಕಡಿಮೆ ಬರುತ್ತೆ.

ತುಂಬುವವರು ಯಾವ ಪುಡಿಯಾದರೂ ಕನ್ನಡಕ, ಮಾಸ್ಕ್ ಹಾಕಲಿ, ಗಾಳಿಗೆ ಬೆನ್ನು ಕೊಟ್ಟು ಸುರಿಯಲಿ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬಾರದು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸಿ, ನೇರ ಕಣ್ಣಿನ ವೈದ್ಯರ ಬಳಿ. ಗೆರೆ ಬಹಳ ದಿನ ಉಳಿಯಲಿ ಎಂದು ಸುಟ್ಟ ಎಂಜಿನ್ ಆಯಿಲ್ ಸುರಿಯುವ ರೂಢಿಯೂ ಕೆಲವೆಡೆ ಇದೆ, ದಯವಿಟ್ಟು ಬೇಡ. ಆ ಮಣ್ಣು ವರ್ಷಗಟ್ಟಲೆ ಹಾಳಾಗುತ್ತೆ.

---

ತ್ರಿಜ್ಯ ಉತ್ತರ:

ಅಳತೆ ಮತ್ತು ತಿರುವು ನನ್ನ ಪಾಲಿಗೆ ಇರಲಿ.

ನಿಮ್ಮ ಮೈದಾನಕ್ಕೆ ನೇರ ಭಾಗ 40 ಮೀ. ಇಟ್ಟುಕೊಳ್ಳಿ. ಎರಡು ನೇರಕ್ಕೆ 80 ಹೋದರೆ ಎರಡು ತಿರುವಿಗೆ ಉಳಿಯೋದು 120 ಮೀ. ಅದನ್ನು 6.2832ರಿಂದ ಭಾಗಿಸಿದರೆ ಓಟದ ತ್ರಿಜ್ಯ 19.10 ಮೀ. ಎತ್ತರದ ಅಂಚುಕಟ್ಟು ಇಲ್ಲದೆ ಬರೀ ಗೆರೆ ಇರುವ ಟ್ರ್ಯಾಕಿನಲ್ಲಿ ಓಟದ ದೂರವನ್ನು ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುತ್ತಾರೆ. ಹಾಗಾಗಿ ಗೆರೆಯ ತ್ರಿಜ್ಯ 18.90 ಮೀ. 30 ಸೆಂ.ಮೀ. ಕಳೆಯೋದು ಅಂಚುಕಟ್ಟು ಇರುವ ಟ್ರ್ಯಾಕಿಗೆ ಮಾತ್ರ. ಈ ಎರಡನ್ನು ಬೆರೆಸಿ ಎಷ್ಟೋ ಕಡೆ ಟ್ರ್ಯಾಕ್ ಅರ್ಧ ಮೀಟರಿಗೂ ಹೆಚ್ಚು ತಪ್ಪುತ್ತೆ.

ಲೇನ್ ಅಗಲ 1.22 ಮೀ., ಅದರಲ್ಲಿ ಬಲಗಡೆಯ ಗೆರೆ ಸೇರಿದೆ. ಅಂದರೆ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ. 18.90 ಕೂಡ ಒಳಗೆರೆಯ ಹೊರ ಅಂಚಿಗೆ. ಮೊಳೆಗಳು ಯಾವಾಗಲೂ ಹೊರ ಅಂಚಿನಲ್ಲಿ, ಪುಡಿ ಮೊಳೆಯ ಒಳಗಡೆ.

6 ಲೇನಿಗೆ ಹೊರಗಿನ ತ್ರಿಜ್ಯ 26.22. ಒಟ್ಟು ಅಗಲ 52.44, ಉದ್ದ 92.44. ನಾಲ್ಕೂ ಕಡೆ 3.78 ಮೀ. ಉಳಿಯುತ್ತೆ, ಸಾಕಷ್ಟಾಯಿತು. ಮೈದಾನದ ಉದ್ದದ ನಡುಗೆರೆಯ ಮೇಲೆ 40 ಮೀ. ಅಂತರದಲ್ಲಿ ಎರಡು ಗೂಟ ಹೊಡೆಯಿರಿ, ಅವೇ ತಿರುವಿನ ಕೇಂದ್ರಗಳು. ಪ್ರತಿ ಗೂಟದಲ್ಲಿ 6-8-10 ಮೀ. ತ್ರಿಕೋನದಿಂದ ಲಂಬ ಎಳೆದು ಎರಡೂ ಬದಿಗೆ 18.90 ಗುರುತಿಸಿ. ಸಿಕ್ಕ ನಾಲ್ಕು ಮೂಲೆಗಳ ಎರಡೂ ಕರ್ಣ 55.03 ಮೀ. ಬರಬೇಕು. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ ಲಂಬ ಸರಿಪಡಿಸಿ.

200 ಮೀ. ಒಂದು ಪೂರ್ತಿ ಸುತ್ತು. ಆದ್ದರಿಂದ ಹೊರಟ ಗೆರೆಯನ್ನು ಪ್ರತಿ ಲೇನಿಗೆ 7.67 ಮೀ. ಮುಂದೆ ಹಾಕುತ್ತಾ ಹೋಗಬೇಕು: ಎರಡಕ್ಕೆ 7.67, ಮೂರಕ್ಕೆ 15.33, ನಾಲ್ಕಕ್ಕೆ 23.00, ಐದಕ್ಕೆ 30.66, ಆರಕ್ಕೆ 38.33. ತಿರುವಿನಲ್ಲಿ ಈ ದೂರವನ್ನು ಅಳೆಯಬೇಕಾದ್ದು ಆಯಾ ಲೇನಿನ ಒಳಗೆರೆಯ ಹೊರ ಅಂಚಿನಿಂದ 20 ಸೆಂ.ಮೀ. ಆಚೆ.

ತಿರುವಿಗೆ ನೈಲಾನ್ ಹಗ್ಗ ಬಳಸಬೇಡಿ. ಎಳೆದಷ್ಟೂ ಹಿಗ್ಗುತ್ತೆ. ತ್ರಿಜ್ಯ 1 ಸೆಂ.ಮೀ. ತಪ್ಪಿದರೆ ಸುತ್ತಿನಲ್ಲಿ 6.3 ಸೆಂ.ಮೀ. ತಪ್ಪು, 20 ಸೆಂ.ಮೀ. ಹಿಗ್ಗಿದರೆ 1.26 ಮೀ. ಉಕ್ಕಿನ ಟೇಪ್ ಅಥವಾ ಕಟ್ಟುವ ತಂತಿ ಇರಲಿ. ಮೊಳೆಗಳ ನಡುವೆ 1 ಮೀ. ಗಿಂತ ಹೆಚ್ಚು ಅಂತರ ಬೇಡ. ಈ ತ್ರಿಜ್ಯದಲ್ಲಿ 1 ಮೀ. ಅಂತರಕ್ಕೆ ದಾರ ನಿಜವಾದ ವಕ್ರದಿಂದ 7 ಮಿ.ಮೀ. ಒಳಗೆ ಬೀಳುತ್ತೆ, ಕಣ್ಣಿಗೆ ಕಾಣಲ್ಲ. ಅದೇ 3 ಮೀ. ಬಿಟ್ಟರೆ 6 ಸೆಂ.ಮೀ. ಒಳಗೆ, ಅಂದರೆ ಗೆರೆಯ ಅಗಲಕ್ಕಿಂತ ಹೆಚ್ಚು. ಟ್ರ್ಯಾಕ್ ಮೂಲೆಮೂಲೆಯಾಗಿ ಕಾಣೋದು ಇದಕ್ಕೇ.

ಇನ್ನು ತಿರುವಿನಲ್ಲಿ ಗೆರೆ ದಪ್ಪ ಆಗೋದು. ನಾಲ್ಕೂ ಚಕ್ರ ನೇರಕ್ಕೇ ಬಿಗಿದ ಗಾಡಿ ತಾನಾಗಿ ತಿರುಗಲಾರದು. ನೀವು ಹಿಡಿಯನ್ನು ಜಗ್ಗಿದಾಗ ಹಿಂಭಾಗ ಪಕ್ಕಕ್ಕೆ ಜಾರುತ್ತೆ, ಸೀಳೂ ಜೊತೆಗೆ ಜಾರಿ ಗೆರೆಯನ್ನು ಒರೆಸುತ್ತೆ. ಬ್ರಷ್ ಹಿಂದಿನ ಆಕ್ಸಲ್ ಮೇಲೆ ಅಂದಿರಿ, ಒಳ್ಳೆಯದಾಯಿತು. ಡಬ್ಬಿ ಅರ್ಧ ಮಾತ್ರ ತುಂಬಿ, ಹಿಡಿಯನ್ನು ಸ್ವಲ್ಪ ಒತ್ತಿ ಮುಂದಿನ ಚಕ್ರಗಳನ್ನು ಒಂದು ಬೆರಳಷ್ಟು ಎತ್ತಿ, ಹಿಂದಿನ ಎರಡೇ ಚಕ್ರದ ಮೇಲೆ ತಳ್ಳಿ. ನೋಟ ಸೀಳಿನ ಮೇಲಲ್ಲ, ಮುಂದಿನ ಮೂರನೇ ಮೊಳೆಯ ಮೇಲೆ.

ಪುಡಿ ಲೆಕ್ಕ: 7 ಗೆರೆ ಸೇರಿ ಉದ್ದ ಸುಮಾರು 1,552 ಮೀ. 5 ಸೆಂ.ಮೀ. ಅಗಲ, 1 ಮಿ.ಮೀ. ದಪ್ಪಕ್ಕೆ ಮೀಟರಿಗೆ 50 ಗ್ರಾಂ ಅಂತ ಹಿಡಿದರೆ 78 ಕೆಜಿ. ಹೊರಟ ಗೆರೆ, ಮುಕ್ತಾಯದ ಗೆರೆ, ಚೆಲ್ಲಿದ್ದು ಎಲ್ಲ ಸೇರಿ 25 ಕೆಜಿಯ ನಾಲ್ಕು ಚೀಲ ತರಿಸಿ. ಮೊದಲು 10 ಮೀ. ಎಳೆದು ಡಬ್ಬಿಯನ್ನು ತೂಗಿ. ಅರ್ಧ ಕೆಜಿ ಇಳಿದಿದ್ದರೆ ಬಾಗಿಲು ಸರಿಯಾಗಿದೆ, ಒಂದು ಕೆಜಿ ಇಳಿದಿದ್ದರೆ ಕಿರಿದು ಮಾಡಿ.

---

ಎರಡನೇ_ಕೋಟು ಉತ್ತರ:

ಕಾಂಕ್ರೀಟಿನ ಪ್ರಶ್ನೆಗೆ: ಪುಡಿ ಗಾಡಿಗೆ ಬಣ್ಣ ಹಾಕಲೇಬೇಡಿ. ಸೀಳಿನಿಂದ ಸುರಿದುಹೋಗುತ್ತೆ, ಬ್ರಷ್ ಒಣಗಿ ಕಲ್ಲಾಗುತ್ತೆ. ಬಣ್ಣದ ತೊಟ್ಟಿಯಲ್ಲಿ ಮುಳುಗಿ ತಿರುಗುವ ಚಕ್ರ ನೆಲಕ್ಕೆ ಗೆರೆ ಒತ್ತುತ್ತಾ ಹೋಗುವ ಬೇರೆ ಗಾಡಿ ಇದೆ, ಅದು ಹುಲ್ಲಿಗೆ. ನಿಮ್ಮ ಕೆಂಪು ಮಣ್ಣಲ್ಲಿ ಚಕ್ರಕ್ಕೆ ಮಣ್ಣು ಮೆತ್ತಿ ತೊಟ್ಟಿಯೇ ಕೆಸರಾಗುತ್ತೆ.

ಒಂದು ವಾಲಿಬಾಲ್ ಅಂಕಣಕ್ಕೆ ಗಾಡಿಯೇ ಬೇಡ. ಎರಡು ಮಾಸ್ಕಿಂಗ್ ಟೇಪ್ ನಡುವೆ 5 ಸೆಂ.ಮೀ. ಬಿಟ್ಟು 3 ಇಂಚಿನ ಸ್ಪಂಜ್ ರೋಲರ್ ಓಡಿಸಿ. 18×9 ಮೀ. ಸುತ್ತು, ನಡುಗೆರೆ, ಎರಡು ದಾಳಿ ಗೆರೆ ಸೇರಿ 81 ಮೀ., ಅಂದರೆ 4 ಚದರ ಮೀಟರ್ ಆಸುಪಾಸು. ಎರಡು ಕೋಟಿಗೆ 1 ಲೀಟರ್ ಬಣ್ಣ ಸಾಕು. ಸುತ್ತಿನ ಗೆರೆಗಳು 18×9ರ ಒಳಗೇ ಸೇರಬೇಕು. ಕರ್ಣ 20.12 ಮೀ. ದಾಳಿ ಗೆರೆಯ ಹಿಂದಿನ ಅಂಚು ನಡುಗೆರೆಯ ಮಧ್ಯದಿಂದ 3 ಮೀ.

ಹೊಸ ಕಾಂಕ್ರೀಟ್ ಆದರೆ 28 ದಿನ ಕಾಯಿರಿ. ಹಳೆಯದಾದರೂ ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗೆ ಬೆವರಿದ್ದರೆ ನೆಲದಲ್ಲಿ ತೇವ ಇದೆ, ಬಣ್ಣ ಹಪ್ಪಳದ ಹಾಗೆ ಏಳುತ್ತೆ. ಅಂಚಿನಲ್ಲಿ ಬಣ್ಣ ಒಸರದಿರಲು ಟೇಪಿನ ಅಂಚಿಗೆ ಮೊದಲು ನೆಲದ ಬಣ್ಣವನ್ನೇ ತೆಳ್ಳಗೆ ಸವರಿ ಒಣಗಿಸಿ, ಆಮೇಲೆ ಬಿಳಿ. ಎರಡನೇ ಕೋಟು ಹಸಿ ಇರುವಾಗ ನುಣುಪು ಮರಳು ಉದುರಿಸಿ, ಇಲ್ಲದಿದ್ದರೆ ಮಳೆಗೆ ಗೆರೆ ಮೇಲೆ ಕಾಲು ಜಾರುತ್ತೆ. ಬಣ್ಣ ಕೈಗೆ ಅಂಟುವ ಹದದಲ್ಲಿರುವಾಗಲೇ ಟೇಪ್ ಕಿತ್ತುಬಿಡಿ. ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಂಚೂ ಜೊತೆಗೆ ಬರುತ್ತೆ.

---

ಕೆಮ್ಮಣ್ಣು_ಮೈದಾನ:

ಅರಿಶಿನದ ನೀರು ಕೆಂಪಾಯಿತು, ಚೀಲ ವಾಪಸ್ ಹೋಗುತ್ತೆ. ಎಲ್ಲರಿಗೂ ವಂದನೆ. ಇನ್ನೊಂದು ಕೇಳುವುದಿತ್ತು: ಗಾಡಿ ಒಂದೇ ಇದೆ, ಕೆಲಸ ಬಹಳ. ತೂತು ಕೊರೆದ ಪಿವಿಸಿ ಪೈಪಿಗೆ ಪುಡಿ ತುಂಬಿ ಉರುಳಿಸಿದರೆ ಗೆರೆ ಬರುತ್ತಾ? ಗಾಡಿಯನ್ನು ಕೊನೆಗೆ ನೀರಲ್ಲಿ ತೊಳೆಯಬೇಕಾ?

---

ಜರಡಿ:

ಪೈಪಿನಲ್ಲಿ ಬರುತ್ತೆ. ರಂಗೋಲಿ ರೋಲರ್ ಕೆಲಸ ಮಾಡುವುದೂ ಹೀಗೇ. 4 ಇಂಚಿನ ಪೈಪು, ಎರಡೂ ಕಡೆ ಮುಚ್ಚಳ, ನಡುವೆ 5 ಸೆಂ.ಮೀ. ಪಟ್ಟಿಯಲ್ಲಿ 4 ಮಿ.ಮೀ. ತೂತುಗಳು, ಸಾಲಿನಿಂದ ಸಾಲಿಗೆ ಅಡ್ಡಾದಿಡ್ಡಿಯಾಗಿ. ತೂತಿನ ಪಟ್ಟಿ ನೆಲಕ್ಕೆ ತಾಗದಂತೆ ಎರಡೂ ತುದಿಗೆ ದಪ್ಪ ರಬ್ಬರ್ ಬಳೆ ಹಾಕಿ, ಅರ್ಧಕ್ಕಿಂತ ಕಡಿಮೆ ತುಂಬಿ. ಇದಕ್ಕೆ ಬಾಗಿಲಿಲ್ಲ, ನಿಲ್ಲಿಸಿದ ಜಾಗದಲ್ಲೆಲ್ಲ ಸುರಿಯುತ್ತೆ. ಕಬಡ್ಡಿಯ 13×10 ಮೀ. ಅಂಕಣದಂಥ ನೇರ ಗೆರೆಗಳಿಗೆ ಸರಿ, ಟ್ರ್ಯಾಕಿನ ತಿರುವಿಗೆ ಬೇಡ.

ಪುಡಿ ಗಾಡಿಗೆ ನೀರು ತಾಗಿಸಬೇಡಿ. ಉಳಿದ ಪುಡಿ ಬಾಚಿ ತೆಗೆದು, ಒಣ ಬ್ರಷ್ಷಿನಿಂದ ಸೀಳು, ಆಕ್ಸಲ್ ಉಜ್ಜಿ, ಬಾಗಿಲು ತೆರೆದಿಟ್ಟು ನೆರಳಲ್ಲಿಡಿ. ಇದುವರೆಗೆ ಅರಳಿದ ಸುಣ್ಣ ತುಂಬಿದ್ದ ಗಾಡಿ ಆದ್ದರಿಂದ ಸೀಳಿನ ಮೂಲೆಗಳಲ್ಲಿ ಗಟ್ಟಿ ಪದರ ಕೂತಿರುತ್ತೆ. ಹೊಸ ಪುಡಿ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಅದನ್ನು ಕೆರೆದು, ಸೀಳು ಉದ್ದಕ್ಕೂ ಒಂದೇ ಸಮ ತೆರೆದಿದೆಯಾ ನೋಡಿ. ಆಕ್ಸಲ್ ಬೇರಿಂಗಿಗೆ ಎಣ್ಣೆ ಬೇಡ, ಪುಡಿ ಅಂಟಿ ಲೇಪ ಆಗುತ್ತೆ. ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ಸಾಕು.