ತೋಟದ ಎಟಿವಿಗೆ ಇ20 ಪೆಟ್ರೋಲ್: ಚೋಕ್ ಬಿಟ್ಟೊಡನೆ ಎಂಜಿನ್ ನಿಲ್ಲುತ್ತಿದೆ

ಪ್ರಶ್ನೆ: ಕಾಫಿ ಬೆಳೆಗಾರ, ಸಕಲೇಶಪುರ

ಮಾನ್ಯರೇ, ನಮ್ಮ ತೋಟದಲ್ಲಿ ಔಷಧಿ ಕ್ಯಾನುಗಳನ್ನೂ ಕಾಫಿ ಮೂಟೆಗಳನ್ನೂ ಸಾಗಿಸಲು 250 ಸಿಸಿಯ, ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಹಳೆಯ ಎಟಿವಿ (ಕಚ್ಚಾದಾರಿಯಲ್ಲೂ ಓಡುವ ಸಣ್ಣ ಗಾಡಿ) ಒಂದಿದೆ. ಇಂಧನದಲ್ಲಿ ಎಥನಾಲ್ ಶೇ. 10ನ್ನು ಮೀರಬಾರದೆಂದು ಅದರ ಕೈಪಿಡಿ ಹೇಳುತ್ತದೆ. ಆದರೆ ನಮ್ಮ ಬಂಕ್‌ನಲ್ಲಿ ಈಗ ದೊರೆಯುವುದು ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಮಾತ್ರ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯನ್ನು ಅಕ್ಟೋಬರ್‌ನಲ್ಲಿ ಹೊರತೆಗೆದಾಗ, ಚೋಕ್ ಎಳೆದರೆ ಮಾತ್ರ ಎಂಜಿನ್ ಓಡುತ್ತಿತ್ತು, ಬಿಟ್ಟೊಡನೆ ನಿಲ್ಲುತ್ತಿತ್ತು. ಏರಿನಲ್ಲಿ ಎರಡು ಕ್ಯಾನು ಹೇರಿದರೂ ಎಳೆಯುವುದಿಲ್ಲ. ಪ್ಲಗ್‌ನ ತುದಿ ಬಿಳಿಚಿಕೊಂಡಿದೆ, ಪೆಟ್ರೋಲ್ ಪೈಪು ಊದಿಕೊಂಡು ಮೆತ್ತಗಾಗಿದೆ. ಕಾರ್ಬುರೇಟರನ್ನೇ ಬದಲಿಸಬೇಕೆಂದು ಒಬ್ಬ ಮೆಕ್ಯಾನಿಕ್, ದೊಡ್ಡ ಜೆಟ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತುಂಡು) ಹಾಕಿದರೆ ಸಾಕೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ದೋಷ ಇ20ಯದ್ದೇ? ಮುಂದೆಯೂ ಅದನ್ನೇ ಬಳಸಬಹುದೇ?

ಉತ್ತರ 1: ಆಟೊಮೊಬೈಲ್ ಉಪನ್ಯಾಸಕ, ಹುಬ್ಬಳ್ಳಿ

ಸರ್, ದಯವಿಟ್ಟು ಜೆಟ್ ಬದಲಿಸುವ ಆತುರ ಬೇಡ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು; ಇ10ಕ್ಕೆ ಈ ಪ್ರಮಾಣ ಸುಮಾರು 14.1, ಇ20ಗೆ 13.5ರ ಆಸುಪಾಸು. ಇಂಧನದ ಪ್ರಮಾಣವನ್ನು ತಾನಾಗಿ ಹೊಂದಿಸಲು ಕಾರುಗಳಲ್ಲಿರುವ ಆಕ್ಸಿಜನ್ ಸೆನ್ಸರ್ ನಿಮ್ಮ ಗಾಡಿಯಲ್ಲಿಲ್ಲದ ಕಾರಣ, ಅದೇ ಜೆಟ್‌ನಲ್ಲಿ ಇ10ರ ಬದಲು ಇ20 ಹರಿದರೆ ಮಿಶ್ರಣ ಶೇ. 4ರಷ್ಟು ತೆಳುವಾಗುತ್ತದೆ (ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ) ಎಂಬುದು ನಿಜ. ಆದರೆ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿ ವಿರಳವಾಗಿರುವುದರಿಂದ ಬಯಲುಸೀಮೆಗೆ ಹೊಂದಿಸಿದ ಕಾರ್ಬುರೇಟರ್ ನಿಮ್ಮಲ್ಲಿ ಸುಮಾರು ಅಷ್ಟೇ ಪ್ರಮಾಣದಲ್ಲಿ ಇಂಧನವನ್ನು ಹೆಚ್ಚಾಗಿ ಕೊಡುತ್ತದೆ, ಅಂದರೆ ಒಂದು ಕೊರತೆಯನ್ನು ಇನ್ನೊಂದು ಬಹುಮಟ್ಟಿಗೆ ತುಂಬಿಕೊಡುತ್ತದೆ. ಪ್ಲಗ್ ಬಿಳಿಚುವುದು ತೆಳು ಮಿಶ್ರಣದ ಗುರುತು; ಹೀಗಿರುವಾಗ ಇ20 ಒಂದರಿಂದಲೇ ಅದು ಇಷ್ಟು ಬಿಳಿಚಲಾರದು. ಚೋಕ್ ಬಿಟ್ಟೊಡನೆ ನಿಲ್ಲುವುದು ಪೈಲಟ್ ಜೆಟ್ (ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಚಿಕ್ಕ ಜೆಟ್) ಕಟ್ಟಿಕೊಂಡ ಲಕ್ಷಣ. ಎಥನಾಲ್ ಒಳ್ಳೆಯ ದ್ರಾವಕವಾದ್ದರಿಂದ ವರ್ಷಗಟ್ಟಲೆ ಟ್ಯಾಂಕಿನ ತಳದಲ್ಲಿ ಅಂಟಿದ್ದ ಜಿಗುಟನ್ನು ಕರಗಿಸಿ, ತುಕ್ಕನ್ನು ಸಡಿಲಿಸಿ ಜೆಟ್‌ವರೆಗೆ ತಂದುಬಿಡುತ್ತದೆ.

ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಒಂದು ಗಂಟೆ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರೂ ಎಥನಾಲೂ ಸೇರಿದ ದ್ರವ; ಅದರಲ್ಲಿ ಎಂಜಿನ್ ಓಡದು.

ಉತ್ತರ 2: ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಎಥನಾಲ್ ಗಾಳಿಯ ತೇವವನ್ನು ಹೀರಿ ಟ್ಯಾಂಕನ್ನೇ ನೀರು ಮಾಡುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಹಬ್ಬಿದೆ. ಮುಚ್ಚಿದ ಟ್ಯಾಂಕಿನಲ್ಲಿ ಅದು ಬಹಳ ನಿಧಾನ. ನೂರು ಲೀಟರ್ ಇ10 ಸುಮಾರು ಅರ್ಧ ಲೀಟರ್ ನೀರನ್ನು ಬೇರ್ಪಡದೆ ಹಿಡಿದಿಡಬಲ್ಲದು, ಇ20 ಅದಕ್ಕಿಂತ ಹೆಚ್ಚು. ಹಾಗಾಗಿ ಪದರ ಕಂಡರೆ ಮುಚ್ಚಳದ ವಾಷರ್ ಒಡೆದು ಮಳೆನೀರೇ ಇಳಿದಿದೆ, ಇಲ್ಲವೇ ಪೆಟ್ರೋಲ್ ತಂದ ಕ್ಯಾನಿನಲ್ಲಿ ನೀರಿತ್ತು ಎಂದೇ ನನ್ನ ಬಲವಾದ ಅನುಮಾನ. ಮೊದಲು ಅವೆರಡನ್ನೂ ನೋಡಿ.

ನಿಮ್ಮ ತೋಟದಲ್ಲಿ ಎರಡು ಸ್ಟ್ರೋಕಿನ ಕಳೆ ಕೊಚ್ಚುವ ಯಂತ್ರವಿದ್ದರೆ ಇನ್ನೂ ಎಚ್ಚರ ವಹಿಸಬೇಕು. ಅದರ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ. ತಳದ ಪದರ ಎಂಜಿನ್‌ಗೆ ಹೋದರೆ ಆಯಿಲ್ ಇಲ್ಲದೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ನಾನು ಒಂದು ಯಂತ್ರವನ್ನು ಹೀಗೆಯೇ ಕಳೆದುಕೊಂಡೆ. ಅಂದಿನಿಂದ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಪೂರ್ತಿ ಬರಿದು ಮಾಡಿ, ಕಾಕ್ ಮುಚ್ಚಿ, ಬೌಲ್‌ನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿಯೇ ಒಳಗಿಡುತ್ತೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಬಾಟಲಿಯ ತಳದಲ್ಲಿ ಬೆರಳಗಲದ ಮಬ್ಬು ಪದರ ನಿಂತಿತು, ಮುಚ್ಚಳದ ವಾಷರ್ ಸೀಳಿತ್ತು. ಪೈಲಟ್ ಜೆಟ್‌ನ ರಂಧ್ರದಿಂದ ಬೆಳಕೇ ಕಾಣುತ್ತಿರಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಟ್ಯಾಂಕ್ ಬರಿದು ಮಾಡಿ, ಹೊಸ ಪೆಟ್ರೋಲ್ ಹಾಕಿದ ಮೇಲೆ ಚೋಕ್ ಇಲ್ಲದೆ ಓಡುತ್ತಿದೆ, ಏರನ್ನೂ ಹತ್ತುತ್ತಿದೆ. ಪೈಪಿಗೆ ಯಾವ ರಬ್ಬರ್ ಹಾಕಿಸಲಿ? ಬಂಕ್‌ನವರು ಕೊಟ್ಟದ್ದರಲ್ಲಿ ಎಥನಾಲ್ ಎಷ್ಟಿದೆಯೆಂದು ಮನೆಯಲ್ಲೇ ತಿಳಿಯಬಹುದೇ?

ಉತ್ತರ 3: ಆಟೊಮೊಬೈಲ್ ಉಪನ್ಯಾಸಕ, ಹುಬ್ಬಳ್ಳಿ

ಬಹಳ ಸಂತೋಷ. ಪೈಪನ್ನು ವಿಟಾನ್ ಎಂದು ಕೇಳಿ ತನ್ನಿ; ಬೆಲೆ ಹೆಚ್ಚಾದರೂ ಎಥನಾಲಿಗೆ ಊದುವುದಿಲ್ಲ. ಫ್ಲೋಟ್ ಬೌಲ್‌ನ ಗ್ಯಾಸ್ಕೆಟ್ ಕಾರ್ಕಿನದಾಗಿದ್ದರೆ ಅದನ್ನೂ ಬದಲಿಸಿಬಿಡಿ.

ಪರೀಕ್ಷೆಗೆ 100 ಮಿಲಿಯ ಅಳತೆ ಜಾಡಿಯಲ್ಲಿ 10 ಮಿಲಿ ನೀರು, ಅದರ ಮೇಲೆ 90 ಮಿಲಿ ಪೆಟ್ರೋಲ್ ಹಾಕಿ, ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರುತ್ತದೆ. ತಳದ ಪದರ 28 ಮಿಲಿಯಷ್ಟು ಬೆಳೆದರೆ, ಹೆಚ್ಚಿದ 18 ಮಿಲಿ ಎಥನಾಲ್ 90ರಲ್ಲಿ ಐದನೆಯ ಒಂದು ಪಾಲು, ಅಂದರೆ ಇ20.

ಕೈಪಿಡಿಯ ಮಿತಿಯನ್ನು ಮೀರಿದ ಇಂಧನ ಇದೆಂಬುದನ್ನು ಮರೆಯಬೇಡಿ. ಅಮೆರಿಕದಲ್ಲಿ ಇ15 ಅನ್ನು ಕೂಡ ಇಂಥ ಗಾಡಿಗಳಿಗೆ ಹಾಕಲು ಅನುಮತಿಯಿಲ್ಲ. ಬೇರೆ ದಾರಿಯಿಲ್ಲದಿದ್ದರೆ ವಾರಕ್ಕೆ ಬೇಕಾದಷ್ಟನ್ನೇ ತನ್ನಿ. 50 ಗಂಟೆ ದುಡಿದ ಮೇಲೆ ಪ್ಲಗ್ ತೆಗೆದು ನೋಡಿ: ತಿಳಿ ಕಂದು ಬಣ್ಣವಿದ್ದರೆ ಜೆಟ್ ಮುಟ್ಟಬೇಡಿ, ಮತ್ತೆ ಬಿಳಿಚಿದ್ದರೆ ಮೇನ್ ಜೆಟ್ (ವೇಗದ ಓಟಕ್ಕೆ ಪೆಟ್ರೋಲ್ ಕೊಡುವ ದೊಡ್ಡ ಜೆಟ್) ಅನ್ನು ಒಂದೇ ಒಂದು ಸಂಖ್ಯೆ ಮೇಲಕ್ಕೆ ಹಾಕಿ ಇಲ್ಲಿ ತಿಳಿಸಿ.