ಕಂಟ್ರೋಲ್ ಇಲಿಗಳ ಸಿಎಸ್‌ಎಫ್‌ನಲ್ಲೂ ಬಿಳಿ ರಕ್ತಕಣ: ಸೋಂಕೇ, ಬೇರೇನಾದರೂ?

ಕೋಡಿಬಾಗದವಳು:
ನ್ಯುಮೋಕಾಕಸ್ ಮೆನಿಂಜೈಟಿಸ್ (ಆ ಬ್ಯಾಕ್ಟೀರಿಯಾದಿಂದ ಮಿದುಳಿನ ಪೊರೆಗೆ ಬರುವ ಸೋಂಕು) ಪ್ರಾಜೆಕ್ಟಿನ ಲೆಕ್ಕವನ್ನೆಲ್ಲ ಕಟ್ಟಿಕೊಂಡು ರಜೆಗೆ ಕಾರವಾರಕ್ಕೆ ಬಂದಿದ್ದೇನೆ. ಸೋಂಕು ಹಾಕದೆ ಹೋಲಿಕೆಗೆಂದು ಬರೀ ಸಲೈನ್ ಕೊಟ್ಟ 6 ಕಂಟ್ರೋಲ್ ಚಿಕ್ಕ ಇಲಿಗಳಲ್ಲಿ (ಮೌಸ್) ಎರಡಕ್ಕೆ ಮಿದುಳಿನ ದ್ರವದಲ್ಲಿ, ಅಂದರೆ ಸಿಎಸ್‌ಎಫ್‌ನಲ್ಲಿ, ಬಿಳಿ ಕಣ ಮೈಕ್ರೋಲೀಟರಿಗೆ 60 ಮತ್ತು 410 ಬಂದಿದೆ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಏನೂ ಬೆಳೆದಿಲ್ಲ, ಇಲಿಗಳು ಚುರುಕಾಗೇ ಇದ್ದವು. ಆ ಎರಡನ್ನು ಬಿಟ್ಟುಬಿಡು ಅನ್ನುತ್ತಾರೆ ಜೊತೆಯವರು. ನನಗೆ ಮನಸ್ಸು ಬರುತ್ತಿಲ್ಲ. ಇದೇ ಕಾಯಿಲೆಯಲ್ಲಿ ನನ್ನ ತಮ್ಮನ ಒಂದು ಕಿವಿ ಹೋಗಿದೆ, ಈ ಲೆಕ್ಕ ಸರಿಯಿರಬೇಕು.

ಶಿರಸಿ ಮಾಣಿ:
ಈಗಲೇ ಬಿಡಬೇಡ ತಂಗಿ. ದ್ರವ ತಿಳಿಯಾಗಿತ್ತಾ? ಕೆಂಪು ಕಣ ಎಣಿಸಿದ್ದೀಯಾ? ಬಿಳಿ ಕಣಗಳಲ್ಲಿ ಯಾವುದು ಹೆಚ್ಚು?

ಕೋಡಿಬಾಗದವಳು:
410 ಬಂದದ್ದು ಮುರುಗಲು ಶರಬತ್ತಿನಷ್ಟು ಕೆಂಪು, 60 ಬಂದದ್ದು ಗುಲಾಬಿ. ಕೆಂಪು ಕಣ ಎಣಿಸಿಲ್ಲ ಅಣ್ಣ. ಸ್ಲೈಡಿನಲ್ಲಿ ಹೆಚ್ಚಿನವು ಲಿಂಫೋಸೈಟ್.

ಶಿರಸಿ ಮಾಣಿ:
ಹಾಗಾದರೆ ಅದು ಸೂಜಿ ತಾಗಿ ಬಂದ ರಕ್ತ. ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಆಗಿದ್ದರೆ ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ ತುಂಬಿರುತ್ತಿತ್ತು. ಆರೋಗ್ಯದ ಇಲಿಯ ರಕ್ತದಲ್ಲಿ ಲಿಂಫೋಸೈಟೇ ಹೆಚ್ಚು.

ಮನುಷ್ಯರಿಗೆ ಸುಮಾರು 150 ಮಿಲಿಲೀಟರ್ ಸಿಎಸ್‌ಎಫ್ ಇದೆ. ಇಲಿಗೆ ಒಟ್ಟೂ 35–40 ಮೈಕ್ರೋಲೀಟರ್, ಕೈಗೆ ಸಿಗುವುದು ಹತ್ತರ ಆಸುಪಾಸು. ಇಲಿಯ ರಕ್ತದಲ್ಲಿ ಮೈಕ್ರೋಲೀಟರಿಗೆ ಬಿಳಿ ಕಣ 5,000 ಅಂತ ಹಿಡಿ. ಆ ಹತ್ತಕ್ಕೆ ರಕ್ತ 1 ಮೈಕ್ರೋಲೀಟರ್ ಬೆರೆತರೆ ಎಣಿಕೆ 450ರ ಹತ್ತಿರ, 0.1 ಬೆರೆತರೆ 50. ನಿನ್ನ ಎರಡು ಸಂಖ್ಯೆಯೂ ಅಲ್ಲೇ ಕೂತಿವೆ ನೋಡು! ಖಾತ್ರಿಗೆ ಕೆಂಪು ಕಣ ಎಣಿಸು. ಇಲಿಯ ರಕ್ತದಲ್ಲಿ ಅದು ಮೈಕ್ರೋಲೀಟರಿಗೆ 90 ಲಕ್ಷದಷ್ಟಿರುತ್ತದೆ. ಒಂದು ಬಿಳಿ ಕಣಕ್ಕೆ ಸಾವಿರಾರು ಕೆಂಪು ಕಣ ಕಂಡರೆ ರಕ್ತವೇ ಸೈ.

ಹೊನ್ನಾವರ ಹೊಳೆಬದಿ:
ದ್ರವ ತೆಗೆಯುವುದು ಕುತ್ತಿಗೆಯ ಹಿಂದಿನಿಂದ ತಾನೇ, ನಾನು ಅಲ್ಲಿನ ಸ್ನಾಯುವಿನ ರಕ್ತ ಪೂರ್ತಿ ಒರೆಸಿದ ಮೇಲೇ ಚುಚ್ಚುವುದು, ಕೆಂಪು ಎಳೆ ಕಂಡ ಕೂಡಲೇ ನಿಲ್ಲಿಸುವುದು. ಸೋಂಕಿನ ಗುಂಪಿನಲ್ಲಿ ಇದು ಇನ್ನೂ ದೊಡ್ಡ ತಾಪತ್ರಯ. ಅವುಗಳ ರಕ್ತದಲ್ಲೂ ಬ್ಯಾಕ್ಟೀರಿಯಾ ಇರಬಹುದು, ಸಿಎಸ್‌ಎಫ್ ಕಲ್ಚರ್‌ಗೆ ಅದೂ ಸೇರಿಕೊಳ್ಳುತ್ತದೆ. ಜೊತೆಗೆ ರಕ್ತದ ಕಲ್ಚರ್ ಇಟ್ಟಿರಬೇಕು.

ಶಿರಸಿ ಮಾಣಿ:
ಹೌದು. ರಕ್ತ ಬೆರೆತದ್ದನ್ನು ಲೆಕ್ಕದಿಂದ ತೆಗೆಯುವುದಾದರೆ ಕೆಂಪು ಕಣಕ್ಕೆ ಒಂದೇ ಮಿತಿ, ಎರಡೂ ಗುಂಪಿಗೆ. ಯಾವ ಇಲಿ ಯಾವ ಗುಂಪಿನದು ಅಂತ ಗೊತ್ತಿಲ್ಲದವರ ಕೈಲಿ ಎಣಿಸು. ತೆಗೆದದ್ದನ್ನು ವರದಿಯಲ್ಲಿ ಬರೆ.

ಕೋಡಿಬಾಗದವಳು:
60ರದ್ದರ ಫೋಟೊ ಸಿಕ್ಕಿತು, ಕೆಂಪು ಕಣ ಕರಗಿಸುವ ಮೊದಲು ತೆಗೆದದ್ದು. ಒಂದು ಬಿಳಿ ಕಣಕ್ಕೆ 1,500ರಷ್ಟು ಕೆಂಪು. 410ರದ್ದು ಇಲ್ಲ. ಸೋಂಕಿನ ಗುಂಪಿನಲ್ಲೂ 3 ಗುಲಾಬಿ ಇವೆ, ಅವುಗಳ ರಕ್ತದ ಕಲ್ಚರ್ ಇಟ್ಟಿದ್ದೇವೆ. ಎಲ್ಲವನ್ನೂ ನನ್ನ ತಂಗಿಯ ಕೈಲಿ ಹೆಸರಿಲ್ಲದೆ ಎಣಿಸಲು ಕೊಟ್ಟಿದ್ದೇನೆ.